ನಾಲ್ಕು ಹೊಲ ಕೊಯ್ದರೆ ಪಂಚಾಯಿತಿಯ ಇಳುವರಿ ಗೊತ್ತಾಗುತ್ತದೆಯೆ?

ರಾಗಿ ಕೊಯ್ಲಿನ ಹೊತ್ತಿಗೆ ಟೇಪು, ಗೂಟ ಹಿಡಿದ ಸರ್ಕಾರಿ ಸಿಬ್ಬಂದಿ ಹೊಲಗಳಿಗೆ ಇಳಿಯುತ್ತಾರೆ. ಬೆಳೆ ಕಟಾವು ಪ್ರಯೋಗ ಎಂದರೆ ಇದೇ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಪಟ್ಟಿಯಲ್ಲಿ ಬಂದ ಯಾದೃಚ್ಛಿಕ ಸಂಖ್ಯೆಯಂತೆ ಉದ್ದಕ್ಕೂ ಅಗಲಕ್ಕೂ ಅಳೆದು, ಅಲ್ಲಿಂದ 5 ಮೀಟರ್ ಚೌಕ ಗುರುತಿಸುತ್ತಾರೆ. ಅದರೊಳಗಿನ ತೆನೆಯನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಬೆಳೆ ಹುಲುಸಾಗಿರುವ ಕಡೆಗೋ ಸೊರಗಿರುವ ಕಡೆಗೋ ಗೂಟ ಸರಿಸುವ ಆಸೆ ಯಾರಿಗೂ ಬರಬಾರದೆಂದೇ ಈ ಕಟ್ಟುಪಾಡು.

ರಾಜ್ಯದ ಒಟ್ಟು ಇಳುವರಿ ತಿಳಿಯಲು ಇದು ಒಳ್ಳೆಯ ವಿಧಾನ. ಸಾವಿರಾರು ಚೌಕಗಳ ಏರುಪೇರು ಒಂದಕ್ಕೊಂದು ಸರಿಹೋಗುತ್ತದೆ. ಆದರೆ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಒಂದು ಪಂಚಾಯಿತಿಗೆ ಒಂದು ಬೆಳೆಗೆ ಕನಿಷ್ಠ 4 ಪ್ರಯೋಗ. ತೊಡಕು ಇಲ್ಲಿಂದಲೇ ಶುರು.

ಒಂದು ಪಂಚಾಯಿತಿಯ ನಾಲ್ಕು ಚೌಕಗಳಲ್ಲಿ 6, 5, 4 ಮತ್ತು 1 ಕಿಲೊ ರಾಗಿ ಸಿಕ್ಕಿತು ಅನ್ನಿ. ಸರಾಸರಿ 4 ಕಿಲೊ, ಅಂದರೆ ಹೆಕ್ಟೇರಿಗೆ 1,600. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದನ್ನು ಹಿಡಿದು ಲೆಕ್ಕ ಹಾಕಿದ ಖಾತರಿ ಇಳುವರಿ 1,800 ಕಿಲೊ ಇದ್ದರೆ, ವಿಮೆ ಮಾಡಿಸಿದವರಿಗೆಲ್ಲ ವಿಮಾ ಮೊತ್ತದ ಶೇ 11ರಷ್ಟು ಪರಿಹಾರ ಬರಬೇಕು. ಆ 1 ಕಿಲೊದ ಚೌಕದ ಬದಲು 5 ಕಿಲೊದ ಚೌಕ ಸಿಕ್ಕಿದ್ದರೆ? ಸರಾಸರಿ 2,000 ಆಗಿ, ಯಾರಿಗೂ ಬಿಡಿಗಾಸಿಲ್ಲ. ಇಡೀ ಪಂಚಾಯಿತಿಯ ಪರಿಹಾರ 25 ಚದರ ಮೀಟರ್ ನೆಲಕ್ಕೆ ಜೋತುಬಿದ್ದಿದೆ.

ಈ ಕಷ್ಟಕ್ಕೆ ಸಂಖ್ಯಾಶಾಸ್ತ್ರಜ್ಞರು ಕಂಡುಕೊಂಡ ದಾರಿಗೆ ಸಣ್ಣ ಪ್ರದೇಶದ ಅಂದಾಜು ಎಂದು ಹೆಸರು. ಅಮೆರಿಕದ ಅಯೋವಾದ 12 ಕೌಂಟಿಗಳ ಮೆಕ್ಕೆಜೋಳ, ಸೋಯಾ ವಿಸ್ತೀರ್ಣದ ಮೇಲೆ ಬ್ಯಾಟೀಸ್, ಹಾರ್ಟರ್, ಫುಲ್ಲರ್ ಎಂಬ ಮೂವರು 1988ರಲ್ಲಿ ಬರೆದ ಪ್ರಬಂಧ ಈ ವಿದ್ಯೆಯ ಪಾಠಪುಸ್ತಕಗಳಲ್ಲಿ ಇಂದಿಗೂ ಮೊದಲ ಉದಾಹರಣೆ. ಅವರ ಕೈಯಲ್ಲಿದ್ದದ್ದು ಬರೀ 37 ತುಂಡು ನೆಲದ ಸಮೀಕ್ಷೆ. ಮೂರು ಕೌಂಟಿಗಳಿಗಂತೂ ತಲಾ ಒಂದೇ ತುಂಡು. ಲ್ಯಾಂಡ್‌ಸ್ಯಾಟ್ ಉಪಗ್ರಹ ಮಾತ್ರ ಎಲ್ಲ ಕೌಂಟಿಗಳನ್ನೂ ಪೂರ್ತಿ ನೋಡಿತ್ತು. ಉಪಗ್ರಹ ಕಂಡದ್ದಕ್ಕೂ ನೆಲದಲ್ಲಿದ್ದದ್ದಕ್ಕೂ ಇರುವ ನಂಟನ್ನು ಹನ್ನೆರಡೂ ಕೌಂಟಿಗಳಿಂದ ಒಟ್ಟಾಗಿ ಕಲಿತು, ಅದನ್ನು ಪ್ರತಿ ಕೌಂಟಿಯ ಸ್ವಂತ ಅಳತೆಯೊಂದಿಗೆ ಬೆರೆಸಿದರು. ಸ್ವಂತ ಅಳತೆ ಹೆಚ್ಚಿದ್ದಲ್ಲಿ ಅದಕ್ಕೆ ಹೆಚ್ಚು ತೂಕ, ಕಡಿಮೆ ಇದ್ದಲ್ಲಿ ಆ ನಂಟಿನಿಂದ ಕಟ್ಟಿದ ಮಾದರಿಗೆ ಹೆಚ್ಚು ತೂಕ. (ಒಂದು ತುಂಡಿನ ಲೆಕ್ಕ ಉಳಿದವುಗಳ ಜೊತೆ ಹೊಂದಲೇ ಇಲ್ಲವೆಂದು ಅದನ್ನು ಕೈಬಿಟ್ಟರು. ಬರ, ಆಲಿಕಲ್ಲಿಗೆ ಪರಿಹಾರ ಕೊಡುವ ಲೆಕ್ಕದಲ್ಲಿ ಈ ಸಲಿಗೆ ನಡೆಯದು.)

ನಮ್ಮ ಪಂಚಾಯಿತಿಗೆ ಮರಳೋಣ. ಸುತ್ತಲಿನ ಊರುಗಳು, ಮಳೆ, ಉಪಗ್ರಹ ಚಿತ್ರ ನೋಡಿ ಮಾದರಿ ಹೇಳಿದ್ದು 2,000 ಕಿಲೊ. ಚೌಕಗಳ 1,600ಕ್ಕೂ ಮಾದರಿಯ 2,000ಕ್ಕೂ ಸಮ ತೂಕ ಅನ್ನಿ. ಬೆರೆಸಿದರೆ 1,800. ಪರಿಹಾರ ಸೊನ್ನೆ! ಎಲ್ಲ ಪಂಚಾಯಿತಿಗಳನ್ನೂ ಒಟ್ಟಿಗೆ ನೋಡಿದರೆ ಈ ಬೆರಕೆಯಿಂದ ತಪ್ಪು ಕಡಿಮೆಯಾಗುತ್ತದೆ, ಅದು ಸಾಬೀತಾದ ಮಾತು. ಆದರೆ ನಿಜವಾಗಿ ಕೆಟ್ಟ ಊರನ್ನೂ ಅದು ನೆರೆಹೊರೆಯ ಸರಾಸರಿಯತ್ತ ಎಳೆಯುತ್ತದೆ. ವಿಮೆ ಇರುವುದೇ ಅಂಥ ಊರಿಗಾಗಿ.

ಇದು ಕಾಗದದ ಮೇಲಿನ ತಕರಾರಲ್ಲ. 2023ರ ಮುಂಗಾರಿನಿಂದ ಭತ್ತ, ಗೋಧಿಯ ಇಳುವರಿ ನಿಗದಿಯಲ್ಲಿ ತಂತ್ರಜ್ಞಾನ ಆಧಾರಿತ ಅಂದಾಜಿಗೆ ಶೇ 30 ತೂಕ ಕಡ್ಡಾಯವಾಗಿದೆ. ಗೂಟ ಸರಿಸುವ ಕೈಚಳಕಕ್ಕೆ ಇದು ತಡೆ, ಒಪ್ಪೋಣ. ಆದರೆ ಎಲ್ಲೆಡೆ ಒಂದೇ ತೂಕ ಎಂಬುದು ಕಚೇರಿಯ ಅನುಕೂಲವೇ ಹೊರತು ಈ ವಿದ್ಯೆಯ ಮಾತಲ್ಲ. ನಾಲ್ಕೂ ಚೌಕ ಒಂದೇ ಮಾತು ಹೇಳುವ ಊರಿಗೂ ನಾಲ್ಕು ಬಗೆಯಾಗಿ ಹೇಳುವ ಊರಿಗೂ ಅದು ಭೇದ ಕಾಣದು.

ಅಮೆರಿಕದ ಜನಗಣತಿ ಇಲಾಖೆಯ ಫೇ ಮತ್ತು ಹೆರಿಯಟ್ 1979ರಲ್ಲೇ ಈ ಎಳೆತಕ್ಕೆ ಒಂದು ಮೂಗುದಾರ ಹಾಕಿದ್ದರು. ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳ ತಲಾ ಆದಾಯ ಅಂದಾಜಿಸುವಾಗ, ಊರಿನ ಸ್ವಂತ ಅಂಕಿಯಿಂದ ಒಂದು ಪ್ರಮಾಣಿತ ದೋಷಕ್ಕಿಂತ (ಆ ಅಂಕಿ ಸಾಮಾನ್ಯವಾಗಿ ಎಷ್ಟು ಏರುಪೇರಾಗಬಹುದು ಎಂಬ ಅಳತೆ) ಆಚೆ ಮಾದರಿ ಎಳೆಯಕೂಡದು ಎಂದರು. ನಮ್ಮ ರಾಗಿಯ ಉದಾಹರಣೆಗೆ ಇದನ್ನು ಹಚ್ಚಿ ನೋಡಿದರೆ, ನಾಲ್ಕು ಚೌಕಗಳ ಪ್ರಮಾಣಿತ ದೋಷವೇ ಹೆಕ್ಟೇರಿಗೆ ಸುಮಾರು 430 ಕಿಲೊ. 1,600ರಿಂದ 1,800ಕ್ಕೆ ಎಳೆದರೂ ಮೂಗುದಾರ ಬಿಗಿಯುವುದಿಲ್ಲ. ಆ ದೋಷವನ್ನು ಅರ್ಧಕ್ಕೆ ಇಳಿಸಬೇಕೆಂದರೆ ನಾಲ್ಕರ ಬದಲು 16 ಕಡೆ ಗೂಟ ಹೊಡೆಯಬೇಕು.