ಗಿಟಾರ್ ಜತೆಗೊಂದು ಪುಸ್ತಕ

ಬ್ರಿಟನ್ನಿನ ಮನೆಗಳಲ್ಲಿ ಕ್ರಿಸ್ಮಸ್ ಬೆಳಗ್ಗೆ ಮಕ್ಕಳು ಉಡುಗೊರೆಯ ಪೊಟ್ಟಣಗಳನ್ನು ಬಿಚ್ಚುವುದು ಹಳೆಯ ವಾಡಿಕೆ. ಒಳಗೇನಿದೆ ಎಂದು ಹೊರಗಿನಿಂದಲೇ ಊಹಿಸುವುದೂ ಒಂದು ಆಟ. ಗಿಟಾರನ್ನು ಬಣ್ಣದ ಕಾಗದದಲ್ಲಿ ಎಷ್ಟು ಸುತ್ತಿದರೂ ಅದರ ಗುಟ್ಟು ಉಳಿಯುವುದಿಲ್ಲ. ಪಕ್ಕದಲ್ಲಿರುವ ಚಪ್ಪಟೆ ಪೊಟ್ಟಣಕ್ಕೆ ಮಾತ್ರ ಅಷ್ಟು ಬೇಗ ಯಾರೂ ಕೈ ಹಾಕುವುದಿಲ್ಲ. ಅದು ಪುಸ್ತಕ. ಆದರೆ ರಜೆ ಮುಗಿದು ಶಾಲೆ ತೆರೆದ ಮೇಲೂ ಆ ಗಿಟಾರ್ ಮಗುವಿನ ಮಡಿಲಲ್ಲಿರುತ್ತದೋ, ಅಟ್ಟ ಸೇರುತ್ತದೋ ಎಂಬುದನ್ನು ಎಷ್ಟೋ ಸಲ ನಿರ್ಧರಿಸುವುದು ಈ ಎರಡನೆಯ ಪೊಟ್ಟಣವೇ.

1957ರಲ್ಲಿ ಅಂಥದೊಂದು ತೆಳ್ಳನೆಯ ಪುಸ್ತಕ ಲಂಡನ್ನಿನಲ್ಲಿ ಹೊರಬಂತು. ಹೆಸರು ‘ಪ್ಲೇ ಇನ್ ಎ ಡೇ’. ಅಂದರೆ ‘ಒಂದೇ ದಿನದಲ್ಲಿ ನುಡಿಸಿ’. ಬರೆದವರು ಬರ್ಟ್ ವೀಡನ್ ಎಂಬ ವೃತ್ತಿಪರ ಗಿಟಾರ್ ವಾದಕ. ಹಿಂದಿನ ವರ್ಷವಷ್ಟೇ ಲಾನಿ ಡಾನೆಗನ್ ಹಾಡಿದ ‘ರಾಕ್ ಐಲೆಂಡ್ ಲೈನ್’ ಇಡೀ ದೇಶದ ಹುಡುಗರಿಗೆ ಹುಚ್ಚು ಹಿಡಿಸಿತ್ತು. ಎರಡು ಮೂರು ಕಾರ್ಡ್ ಗೊತ್ತಿದ್ದರೆ ಯಾರು ಬೇಕಾದರೂ ಗಿಟಾರ್ ಹಿಡಿದು ಹಾಡಬಹುದು ಎಂಬ ಧೈರ್ಯವನ್ನು ಆ ಹಾಡು ಕೊಟ್ಟಿತ್ತು. ಕಾರ್ಡ್ ಎಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಮೀಟಿದಾಗ ಹೊಮ್ಮುವ ನಾದ. ಮನೆಮನೆಗೆ ಗಿಟಾರ್ ಬಂತು. ಆದರೆ ಆ ಎರಡು ಮೂರು ಕಾರ್ಡ್ ಹೇಳಿಕೊಡುವವರು ಎಲ್ಲಿದ್ದಾರೆ? ಪಿಯಾನೋ ಕಲಿಸುವವರು ಸಿಗುತ್ತಿದ್ದರು, ಹುಡುಗರಿಗೆ ಬೇಕಾದ ಗಿಟಾರ್ ಕಲಿಸುವವರು ಅಪರೂಪ. ಆ ಜಾಗವನ್ನು ವೀಡನ್ನರ ಪುಸ್ತಕ ತುಂಬಿತು. ಅದರ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಒಂದು ದಿನದಲ್ಲಿ ಯಾರೂ ಗಿಟಾರ್ ಕಲಿಯಲಿಲ್ಲ ಎಂಬುದು ಬೇರೆ ಮಾತು. ಆದರೆ ಒಂದು ದಿನದಲ್ಲಿ ಒಂದು ಕಾರ್ಡನ್ನಾದರೂ ಹಿಡಿಯಬಹುದಿತ್ತು. ಮರುದಿನ ಎರಡನೆಯದಕ್ಕೆ ಕೈ ಹಾಕಲು ಅಷ್ಟು ಸಾಕು. ಲಿವರ್‌ಪೂಲಿನಲ್ಲಿ ಪಾಲ್ ಮೆಕಾರ್ಟ್ನಿ ಮತ್ತು ಜಾರ್ಜ್ ಹ್ಯಾರಿಸನ್ ಎಂಬ ಇಬ್ಬರು ಶಾಲಾ ಹುಡುಗರು ಡಿ ಮತ್ತು ಎ ಕಾರ್ಡ್‌ಗಳನ್ನು ಜತೆಗೂಡಿ ಕಲಿತದ್ದು ವೀಡನ್ನರ ಪುಸ್ತಕದಿಂದಲೇ. ಮುಂದೆ ಈ ಹುಡುಗರು ಬೀಟಲ್ಸ್ ತಂಡದವರಾದರು. ಎರಿಕ್ ಕ್ಲಾಪ್ಟನ್ ಮತ್ತು ಕ್ವೀನ್ ತಂಡದ ಬ್ರಯನ್ ಮೇ ಕೂಡ ಈ ಪುಸ್ತಕದ ಋಣವನ್ನು ಬಹಿರಂಗವಾಗಿ ನೆನೆದವರು. 2012ರಲ್ಲಿ ವೀಡನ್ ತೀರಿಕೊಂಡಾಗ ಪತ್ರಿಕೆಗಳು ಅವರ ವಾದನಕ್ಕಿಂತ ಹೆಚ್ಚಾಗಿ ಈ ಪುಸ್ತಕವನ್ನೇ ಸ್ಮರಿಸಿದವು.

ಐದು ಶತಮಾನದ ಹಾದಿ

ಪುಸ್ತಕ ನೋಡಿ ತಂತಿವಾದ್ಯ ಕಲಿಯುವುದು ವೀಡನ್ನರಿಂದ ಶುರುವಾದದ್ದೇನೂ ಅಲ್ಲ. 1536ರಲ್ಲಿ ಸ್ಪೇನಿನ ವೆಲೆನ್ಸಿಯಾ ನಗರದಲ್ಲಿ ಲೂಯಿಸ್ ಮಿಲಾನ್ ಎಂಬುವರು ‘ಎಲ್ ಮಾಯೆಸ್ತ್ರೊ’, ಅಂದರೆ ‘ಗುರು’ ಎಂಬ ಗ್ರಂಥ ಅಚ್ಚು ಮಾಡಿಸಿದರು. ಅದು ಗಿಟಾರನ್ನೇ ಹೋಲುವ ವಿಹ್ವೇಲಾ ಎಂಬ ವಾದ್ಯಕ್ಕಾಗಿ ಬರೆದದ್ದು. ಹಿಂದೆಂದೂ ನುಡಿಸದವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಿಲಾನ್ ಸುಲಭದ ಪಾಠಗಳನ್ನು ಮೊದಲು, ಕಷ್ಟದವನ್ನು ಆಮೇಲೆ ಜೋಡಿಸಿದರು. ಯಾವುದನ್ನು ನಿಧಾನವಾಗಿ ನುಡಿಸಬೇಕು, ಯಾವುದನ್ನು ಬೇಗ ನುಡಿಸಬೇಕು ಎಂಬುದನ್ನೂ ಮಾತಿನಲ್ಲಿ ಬರೆದಿಟ್ಟರು.

ಈ ಕ್ರಮ ಕನ್ನಡಿಗರಿಗೆ ಹೊಸದಾಗಿ ಕಾಣುವುದಿಲ್ಲ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ ಎಂದು ಮೆಟ್ಟಿಲು ಕಟ್ಟಿ ಕರ್ನಾಟಕ ಸಂಗೀತದ ಪಾಠಕ್ರಮ ರೂಪಿಸಿದವರು ಪುರಂದರದಾಸರು ಎಂದು ಪರಂಪರೆ ನಂಬುತ್ತದೆ. ಅವರೂ ಮಿಲಾನರೂ ಒಂದೇ ಕಾಲದವರು. ಒಬ್ಬರು ವಿಜಯನಗರದ ನಾಡಿನಲ್ಲಿ, ಇನ್ನೊಬ್ಬರು ಸ್ಪೇನಿನಲ್ಲಿ. ಒಬ್ಬರ ಪಾಠ ಬಾಯಿಂದ ಬಾಯಿಗೆ ಹರಿಯಿತು, ಇನ್ನೊಬ್ಬರದು ಅಚ್ಚಿನ ಮನೆಯಿಂದ ಬಂತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಕಲಿಕೆಯ ಜೀವ ಎಂಬುದನ್ನು ಇಬ್ಬರೂ ಬಲ್ಲವರಾಗಿದ್ದರು.

1596ರಲ್ಲಿ ಬಾರ್ಸಿಲೋನಾದಿಂದ ಹುವಾನ್ ಕಾರ್ಲೊಸ್ ಅಮಾತ್ ಎಂಬ ವೈದ್ಯರ ಕಿರುಹೊತ್ತಿಗೆ ಬಂತು. ಕಾರ್ಡ್‌ಗಳಿಗೆ ಅಂಕಿಗಳನ್ನು ಕೊಟ್ಟು ಅವರು ವಿಷಯವನ್ನು ಸರಳ ಮಾಡಿದ್ದರು. 1674ರಲ್ಲಿ ಗಾಸ್ಪರ್ ಸಾಂಜ್ ಅವರ ಪಾಠಗ್ರಂಥ ಬಂತು. ಅದರಲ್ಲಿದ್ದ ರಾಗಗಳನ್ನೇ ಎತ್ತಿಕೊಂಡು ಕುರುಡು ಸಂಗೀತಕಾರ ಹ್ವಾಕಿನ್ ರೊಡ್ರಿಗೊ 1954ರಲ್ಲಿ ವಾದ್ಯವೃಂದದೊಡನೆ ನುಡಿಸುವ ದೊಡ್ಡ ಗಿಟಾರ್ ಕೃತಿಯೊಂದನ್ನು ರಚಿಸಿದರು. ಕಲಿಯುವವರಿಗೆಂದು ಬರೆದ ಪಾಠಪುಸ್ತಕವೊಂದು ಸುಮಾರು ಮುನ್ನೂರು ವರ್ಷಗಳ ಅನಂತರ ಹೀಗೆ ಮತ್ತೆ ಚಿಗುರಿತು. 1830ರಲ್ಲಿ ಫರ್ನಾಂಡೊ ಸೋರ್, 1836ರಲ್ಲಿ ಮತ್ತಿಯೊ ಕಾರ್ಕಾಸಿ ಪ್ಯಾರಿಸ್ಸಿನಲ್ಲಿ ತಂತಮ್ಮ ಬೋಧನಾ ಗ್ರಂಥಗಳನ್ನು ತಂದರು. ಇವರಿಬ್ಬರ ಅಭ್ಯಾಸಪಾಠಗಳನ್ನು ಶಾಸ್ತ್ರೀಯ ಗಿಟಾರ್ ವಿದ್ಯಾರ್ಥಿಗಳು ಈಗಲೂ ನುಡಿಸುತ್ತಾರೆ.

ಯಾವ ಪುಸ್ತಕ, ಯಾರಿಗೆ?

ಅಂಗಡಿಯಲ್ಲಿ ‘ಗಿಟಾರ್’ ಎಂದು ಬರೆದ ಪುಸ್ತಕಗಳೆಲ್ಲ ಒಂದೇ ಬಗೆಯವಲ್ಲ. ಮೊದಲನೆಯದು ಪಾಠಪುಸ್ತಕ. ಅಮೆರಿಕದ ಮಿಸ್ಸೌರಿಯ ಮೆಲ್ ಬೇ ಅವರು ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಬರೆಯತೊಡಗಿದ ಪಾಠಮಾಲೆ ಈ ಬಗೆಯದು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ವಿಲಿಯಂ ಲೆವಿಟ್ ಅವರ ಮೂರು ಭಾಗಗಳ ‘ಎ ಮಾಡರ್ನ್ ಮೆಥಡ್ ಫಾರ್ ಗಿಟಾರ್’ ಇನ್ನೊಂದು. ಇವು ಸ್ವರಲಿಪಿ ಓದುವುದನ್ನು ಗಟ್ಟಿಯಾಗಿ ಕಲಿಸುತ್ತವೆ. ಲೆವಿಟ್ ಪುಸ್ತಕದ ದಾರಿ ಕಡಿದು. ಜತೆಗೆ ಗುರುಗಳಿದ್ದರೆ ಒಳ್ಳೆಯದು.

ಎರಡನೆಯದು ಕಾರ್ಡ್‌ಗಳ ಕೋಶ. ಇದು ನಿಘಂಟಿನಂತೆ. ಬೇಕಾದಾಗ ತೆರೆದು ನೋಡಲು ಸರಿ, ಮೊದಲ ಪುಟದಿಂದ ಕೊನೆಯವರೆಗೆ ಓದಿ ಯಾರೂ ಭಾಷೆ ಕಲಿಯುವುದಿಲ್ಲ. 1971ರಲ್ಲಿ ಬಂದ ಟೆಡ್ ಗ್ರೀನ್ ಅವರ ‘ಕಾರ್ಡ್ ಕೆಮಿಸ್ಟ್ರಿ’ ಪಳಗಿದವರಿಗೆ ಅಕ್ಷಯಪಾತ್ರೆ. ಪುಟ ತುಂಬ ಒತ್ತೊತ್ತಾಗಿ ಕಾರ್ಡ್ ಚಿತ್ರಗಳು. ಒಳ್ಳೆಯ ಪುಸ್ತಕವೆಂದು ಯಾರೋ ಹೇಳಿದ್ದನ್ನು ಕೇಳಿ ಇದನ್ನು ಹೊಸಬನ ಕೈಗಿತ್ತರೆ ಆತ ಮೂರನೆಯ ದಿನಕ್ಕೇ ಗಿಟಾರಿನ ಸಹವಾಸ ಬಿಟ್ಟಾನು. ದೋಷ ಪುಸ್ತಕದ್ದೂ ಅಲ್ಲ, ಹುಡುಗನದ್ದೂ ಅಲ್ಲ.

ಮೂರನೆಯದು ಹಾಡುಗಳ ಪುಸ್ತಕ. ಇವುಗಳಲ್ಲಿ ಹೆಚ್ಚಾಗಿ ಟ್ಯಾಬ್ ಇರುತ್ತದೆ. ಆರು ತಂತಿಗಳಿಗೆ ಆರು ಗೆರೆ ಎಳೆದು, ಯಾವ ಮನೆಯಲ್ಲಿ ಬೆರಳು ಒತ್ತಬೇಕೆಂಬುದನ್ನು ಗೆರೆಯ ಮೇಲೆ ಅಂಕಿಯಲ್ಲಿ ಬರೆಯುವ ಪದ್ಧತಿ ಇದು. ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಆದರೆ ಬರೀ ಟ್ಯಾಬ್‌ನಲ್ಲಿ ಲಯದ ಸೂಚನೆ ಎಷ್ಟೋ ಸಲ ಇರುವುದಿಲ್ಲ, ಕೇಳಿ ಗೊತ್ತಿಲ್ಲದ ಹಾಡನ್ನು ಅದರಿಂದ ನುಡಿಸುವುದು ಕಷ್ಟ. ಮೇಲೆ ಸ್ವರಲಿಪಿ, ಕೆಳಗೆ ಟ್ಯಾಬ್ ಎರಡೂ ಇರುವ ಪುಸ್ತಕ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯದು ಓದುವ ಪುಸ್ತಕ, ಅಂದರೆ ಆತ್ಮಕಥೆ ಮತ್ತು ವಾದ್ಯಗಳ ಚರಿತ್ರೆ. ನುಡಿಸಿ ಬೆರಳ ತುದಿ ಉರಿಯುವಾಗ ಸುಮ್ಮನೆ ಕೂತು ಓದಲು ಇವು ಬೇಕು.

ಇಂಟರ್‌ನೆಟ್ಟಿನಲ್ಲಿ ಸಾವಿರಾರು ಪಾಠಗಳು ಪುಕ್ಕಟೆ ಸಿಗುವಾಗ ಪುಸ್ತಕವೇಕೆ ಎಂದು ಮಕ್ಕಳು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಬೆರಳು ಹೇಗೆ ಬಾಗಬೇಕು ಎಂಬುದನ್ನು ಚಲಿಸುವ ಚಿತ್ರ ತೋರಿಸುವಷ್ಟು ಚೆನ್ನಾಗಿ ಪುಸ್ತಕ ತೋರಿಸಲಾರದು. ಆದರೆ ಅಲ್ಲಿ ಒಂದು ಪಾಠದಿಂದ ಇನ್ನೊಂದಕ್ಕೆ ಹಾರುವುದೇ ಹೆಚ್ಚು. ಪುಸ್ತಕದಲ್ಲಿ ಹತ್ತನೆಯ ಪುಟ ಕೈಗೆ ಬರದೆ ಹನ್ನೊಂದನೆಯದು ಬರುವುದಿಲ್ಲ.

ಕೊಳ್ಳುವ ಮುನ್ನ

ಗಿಟಾರ್ ಬಾರದ ತಂದೆತಾಯಿಯರೂ ಅಂಗಡಿಯಲ್ಲಿ ನಿಂತು ನೋಡಿಕೊಳ್ಳಬಹುದಾದ ಕೆಲವು ಸಂಗತಿಗಳಿವೆ. ಮನೆಯಲ್ಲಿರುವುದು ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರೋ, ಉಕ್ಕಿನ ತಂತಿಯದೋ, ವಿದ್ಯುತ್ ಗಿಟಾರೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಪುಸ್ತಕ ಅದಕ್ಕೆ ಹೊಂದಬೇಕು. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳಬಾರದು. ಎರಡೂ ಕೈ ವಾದ್ಯದ ಮೇಲಿರುವಾಗ ಪುಟ ಹಿಡಿಯುವವರು ಯಾರು? ಸುರುಳಿ ತಂತಿಯ ಬೈಂಡಿಂಗ್ ಇದಕ್ಕೆ ಅನುಕೂಲ. ಪಾಠಗಳನ್ನು ಕೇಳಿಸಿಕೊಳ್ಳಲು ಧ್ವನಿಮುದ್ರಣದ ಸೌಲಭ್ಯ ಇದೆಯೇ, ಮಗುವಿಗೆ ಗೊತ್ತಿರುವ ಒಂದೆರಡು ಹಾಡಾದರೂ ಅದರಲ್ಲಿದೆಯೇ ನೋಡಬೇಕು. ಬೆಂಗಳೂರಿನಂಥ ಊರುಗಳಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳಿದ್ದಾರೆ. ಅವರಿಗೆ ಪರೀಕ್ಷೆಯ ಪುಸ್ತಕ ಕೊಳ್ಳುವುದಾದರೆ ಅದು ಯಾವ ವರ್ಷದ ಪಠ್ಯಕ್ರಮದ್ದು ಎಂಬುದನ್ನು ಗುರುಗಳ ಹತ್ತಿರ ಕೇಳಿಯೇ ಕೊಳ್ಳುವುದು ಲೇಸು.

ಮಗು ಎಡಚವಾದರೆ ಇನ್ನೊಂದು ತೊಡಕು. ಪುಸ್ತಕಗಳ ಚಿತ್ರಗಳೆಲ್ಲ ಸಾಮಾನ್ಯವಾಗಿ ಬಲಗೈಯವರಿಗೆಂದೇ ಬರೆದವು. ಮೆಕಾರ್ಟ್ನಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅವರ ಹದಿನಾಲ್ಕನೆಯ ಹುಟ್ಟುಹಬ್ಬಕ್ಕೆ ತಂದೆ ಕೊಟ್ಟದ್ದು ಟ್ರಂಪೆಟ್, ತಂದೆ ತಮ್ಮ ಕಾಲದಲ್ಲಿ ನುಡಿಸುತ್ತಿದ್ದ ವಾದ್ಯ. ಆದರೆ ಟ್ರಂಪೆಟ್ ಬಾಯಲ್ಲಿಟ್ಟುಕೊಂಡು ಹಾಡುವುದು ಹೇಗೆ? ಮಗ ತಂದೆಯ ಒಪ್ಪಿಗೆ ಕೇಳಿ ಅದನ್ನು ಅಂಗಡಿಗೆ ಕೊಟ್ಟು ಗಿಟಾರ್ ತಂದ. ಅದೂ ಕೈಗೆ ಒಗ್ಗಲಿಲ್ಲ. ಎಡಗೈಯಲ್ಲಿ ಮೀಟುವ ಗಾಯಕನೊಬ್ಬನ ಚಿತ್ರ ಕಣ್ಣಿಗೆ ಬಿದ್ದ ಮೇಲೆ, ತಂತಿಗಳನ್ನು ತಿರುಗುಮುರುಗಾಗಿ ಕಟ್ಟಿಕೊಂಡ. ಆಗ ಕೈ ಓಡಿತು. ತನಗೆ ಪ್ರಿಯವಾದದ್ದನ್ನು ಕೊಟ್ಟ ತಂದೆ, ಮಗನಿಗೆ ಪ್ರಿಯವಾದದ್ದಕ್ಕೆ ಬದಲಾಯಿಸಲು ಒಪ್ಪಿದ್ದರಿಂದ ಇಷ್ಟೆಲ್ಲ ಆಯಿತು.

ಆಯ್ಕೆ ತಪ್ಪೀತೆಂಬ ಅಳುಕಿದ್ದರೆ ಮಗುವನ್ನೇ ಅಂಗಡಿಗೆ ಕರೆದೊಯ್ಯುವುದು ಒಳ್ಳೆಯ ಉಪಾಯ. ಬ್ರಿಟನ್ನಿನಲ್ಲಿ 1932ರಲ್ಲೇ ಇದಕ್ಕಾಗಿ ಬುಕ್ ಟೋಕನ್ ಎಂಬ ಏರ್ಪಾಟು ಬಂತು. ಕೊಡುವವರು ಹಣ ತೆತ್ತು ಟೋಕನ್ ಕೊಡುತ್ತಾರೆ, ಪಡೆದವರು ತಮಗೆ ಬೇಕಾದ ಪುಸ್ತಕ ತಂದುಕೊಳ್ಳುತ್ತಾರೆ.

ಲೆಕ್ಕ ಕೇಳುವ ಉಡುಗೊರೆ

ಪುಸ್ತಕ ಕೊಟ್ಟ ಮರುವಾರವೇ ‘ಎಷ್ಟು ಪುಟ ಆಯಿತು?’ ಎಂದು ಕೇಳಿದರೆ ಉಡುಗೊರೆ ಹೋಂವರ್ಕ್ ಆಗುತ್ತದೆ. ಕ್ಲಾಪ್ಟನ್‌ಗೆ ಹದಿಮೂರನೆಯ ಹುಟ್ಟುಹಬ್ಬಕ್ಕೆ ಅಗ್ಗದ ಉಕ್ಕಿನ ತಂತಿಯ ಗಿಟಾರ್ ಸಿಕ್ಕಿತ್ತು. ಅವರನ್ನು ಸಾಕಿದವರು ಅಜ್ಜ ಅಜ್ಜಿ. ತಂತಿ ಒತ್ತುವುದೇ ಪ್ರಯಾಸವಾಗಿ ಹುಡುಗ ಅದನ್ನು ಮೂಲೆಗಿಟ್ಟ. ಮತ್ತೆ ಮನಸ್ಸಿಟ್ಟು ಕೈಗೆತ್ತಿಕೊಂಡದ್ದು ಸುಮಾರು ಎರಡು ವರ್ಷಗಳ ಮೇಲೆ. ‘ಇವನಿಗೆ ಆಸಕ್ತಿಯೇ ಇಲ್ಲ’ ಎಂದು ನಡುವೆ ಯಾರಾದರೂ ಆ ಗಿಟಾರನ್ನು ಮಾರಿಬಿಟ್ಟಿದ್ದರೆ?

ಬ್ರಯನ್ ಮೇ ಅವರದು ಇನ್ನೊಂದು ಬಗೆ. 1963ರಲ್ಲಿ ಹದಿನಾರರ ಹುಡುಗನಿಗೆ ಒಳ್ಳೆಯ ವಿದ್ಯುತ್ ಗಿಟಾರ್ ಕೊಳ್ಳಲು ಮನೆಯಲ್ಲಿ ಹಣವಿರಲಿಲ್ಲ. ಎಲೆಕ್ಟ್ರಾನಿಕ್ಸ್ ಬಲ್ಲ ತಂದೆ ಹೆರಾಲ್ಡ್ ಮಗನ ಜತೆ ಕೂತು ಗಿಟಾರನ್ನೇ ಮಾಡತೊಡಗಿದರು. ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರ ಅದರ ಕತ್ತಾಯಿತು. ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗ್, ಅಮ್ಮನ ಹೊಲಿಗೆ ಪೆಟ್ಟಿಗೆಯ ಮುತ್ತಿನ ಗುಂಡಿಗಳು ಎಲ್ಲವೂ ಅದರಲ್ಲಿ ಸೇರಿದವು. ಸುಮಾರು ಎರಡು ವರ್ಷ ಹಿಡಿಯಿತು. ಆ ‘ರೆಡ್ ಸ್ಪೆಷಲ್’ ಗಿಟಾರಿನ ಕಥೆ 2014ರಲ್ಲಿ ಪುಸ್ತಕವಾಗಿ ಬಂದಿದೆ. ವಿಜ್ಞಾನ ಪ್ರಿಯ ಮಕ್ಕಳಿಗೆ ಕೊಡಲು ತಕ್ಕದ್ದು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮಗ ಖಗೋಳ ವಿಜ್ಞಾನದ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಸಂಗೀತಕ್ಕೆ ಇಳಿದಾಗ, ಗಿಟಾರ್ ಕಟ್ಟಿಕೊಟ್ಟ ಅದೇ ತಂದೆ ತೀರ ನೊಂದುಕೊಂಡರು. ನ್ಯೂಯಾರ್ಕಿನ ದೊಡ್ಡ ಸಭಾಂಗಣದಲ್ಲಿ ಮಗನ ಕಾರ್ಯಕ್ರಮವನ್ನು ಕಣ್ಣಾರೆ ಕಂಡ ಮೇಲೆ ಅವರ ಮನಸ್ಸು ತಿಳಿಯಾಯಿತು. ಬಿಟ್ಟ ಓದನ್ನು ಮಗನೂ ಮರೆಯಲಿಲ್ಲ. 2007ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಡಾಕ್ಟರೇಟ್ ಪಡೆದರು. ಗಿಟಾರ್ ಹಿಡಿದರೆ ಓದು ಹಾಳಾಗುತ್ತದೆ ಎನ್ನುವ ತಂದೆತಾಯಿಯರೂ, ಗಿಟಾರ್ ಇದ್ದರೆ ಓದೇ ಬೇಡ ಎನ್ನುವ ಮಕ್ಕಳೂ ಈ ಪುಸ್ತಕವನ್ನು ಒಟ್ಟಿಗೆ ಕೂತು ಓದಬಹುದು.

ಎಳೆಯ ಮಕ್ಕಳಿರುವ ಮನೆಗೆ ಇನ್ನೊಂದು ಪುಸ್ತಕವಿದೆ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 2014ರಲ್ಲಿ ತಂದ ‘ಗಸ್ ಅಂಡ್ ಮಿ’. ಅದರ ಚಿತ್ರ ಬರೆದವರು ಅವರ ಮಗಳು ಥಿಯೊಡೊರಾ. ಗಸ್ ಎಂದರೆ ಕೀತ್‌ರ ತಾಯಿಯ ತಂದೆ. ಅಜ್ಜನ ಮನೆಯಲ್ಲಿ ಗಿಟಾರ್ ಇದ್ದದ್ದು ಪಿಯಾನೋದ ಮೇಲೆ, ಮೊಮ್ಮಗನ ಕೈಗೆ ಎಟುಕದ ಎತ್ತರದಲ್ಲಿ. ಅಜ್ಜ ‘ಕಲಿ’ ಎಂದು ಒತ್ತಾಯಿಸಲಿಲ್ಲ. ಕೈಗೆ ಎಟುಕುವಷ್ಟು ಬೆಳೆದ ದಿನ ಅದು ನಿನ್ನದು ಎಂದರು. ಅದು ಸದಾ ಅಲ್ಲೇ ಇರುತ್ತದೆಂದು ಹುಡುಗ ತಿಳಿದಿದ್ದ. ತಾನು ಬರುವ ದಿನ ಮಾತ್ರ ಅಜ್ಜ ಅದನ್ನು ತೆಗೆದು ಅಲ್ಲಿಡುತ್ತಿದ್ದರು ಎಂಬುದು ಅವನಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಈ ರಜೆಯಲ್ಲಿ ಮಗುವಿಗೆ ಗಿಟಾರ್ ಪುಸ್ತಕ ಕೊಡುವವರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದೂ ಬೇಡ, ದಿನವೂ ತೆರೆದು ಪಾಠ ಒಪ್ಪಿಸಿಕೊಳ್ಳುವುದೂ ಬೇಡ. ಗಿಟಾರಿನ ಪಕ್ಕದಲ್ಲಿ, ಕಣ್ಣಿಗೆ ಬೀಳುವ ಕಡೆ ತೆರೆದಿಟ್ಟರೆ ಸಾಕು. ಸಂಜೆ ಮಗು ಒಂದು ಕಾರ್ಡನ್ನು ತಪ್ಪು ತಪ್ಪಾಗಿ ಮೀಟುವಾಗ ಟೀವಿಯ ಸದ್ದು ಸ್ವಲ್ಪ ತಗ್ಗಿಸಿ, ಹತ್ತಿರ ಕೂತು ಕೇಳುವವರೊಬ್ಬರಿದ್ದರೆ ಇನ್ನೂ ಒಳ್ಳೆಯದು.