ಹೆಬ್ಬಗೋಡಿಯಿಂದ ಗೊಲ್ಲರಹಟ್ಟಿಗೆ

ಬೆಳಗಿನ ಆರೂವರೆಗೆಲ್ಲ ಹೊಸೂರು ರಸ್ತೆ ಮೈತುಂಬಿಕೊಂಡಿರುತ್ತದೆ. ಚಂದಾಪುರದ ಕಡೆಯಿಂದ ಬಂದ ಬಸ್ಸು ಹೆಬ್ಬಗೋಡಿಯಲ್ಲಿ ನಿಂತೂ ನಿಲ್ಲದ ಹಾಗೆ ನಿಂತು, ‘ಸಿಲ್ಕ್ ಬೋರ್ಡ್, ಮಾರ್ಕೆಟ್’ ಎಂದು ಕಂಡಕ್ಟರು ಕೂಗಿ ಮುಗಿಸುವ ಮೊದಲೇ ಹೊರಟುಬಿಡುತ್ತದೆ. ನೆತ್ತಿಯ ಮೇಲೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೆಟ್ರೊ ಹಳದಿ ಮಾರ್ಗ. ಅದರ ಕಂಬಗಳ ಬುಡದಲ್ಲಿ ಗಾರ್ಮೆಂಟ್ಸ್‌ಗೆ ಹೊರಟ ಹೆಂಗಸರು: ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿ, ಮುಡಿಯಲ್ಲಿ ಇನ್ನೂ ಬಾಡದ ತುಂಡು ಹೂವು. ರಾಯಚೂರಿನ ಕನ್ನಡ, ಪಾವಗಡದ ಕನ್ನಡ, ಕೃಷ್ಣಗಿರಿಯ ತಮಿಳು, ಒಡಿಯಾ, ಹಿಂದಿ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಟೀ ಅಂಗಡಿಯ ಮುಂದೆ ರಾತ್ರಿಪಾಳಿ ಮುಗಿಸಿದ ಹುಡುಗರು ಕಣ್ಣುಜ್ಜಿಕೊಳ್ಳುತ್ತ ಬನ್ನು ಅದ್ದುತ್ತಾರೆ. ಎದುರಿನ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ನಾಯಕರು, ಅವರ ಸುತ್ತ ಶುಭ ಕೋರುವವರ ಪುಟ್ಟ ಪುಟ್ಟ ಮುಖಗಳು.

ಹೆಬ್ಬಗೋಡಿ ಈಗ ನಗರಸಭೆ. ಬಯೋಕಾನ್ ಇರುವುದು ಇಲ್ಲಿ. ಮೆಟ್ರೊ ನಿಲ್ದಾಣದ ಹೆಸರಿಗೂ ಅದು ಸೇರಿಕೊಂಡಿದೆ. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಬೊಮ್ಮಸಂದ್ರದ ಕಾರ್ಖಾನೆಗಳು ಮತ್ತು ನಾರಾಯಣ ಹೃದಯಾಲಯ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಸಾಲುಮನೆಗಳು ಎದ್ದಿವೆ. ಗೇಟಿಗೆ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು, ಬಾಗಿಲಲ್ಲಿ ನೀರಿನ ಟ್ಯಾಂಕರು. ಬೆಂಗಳೂರಿನ ಹೊಸ ಸಂಪತ್ತು ಹರಿಯುವ ಈ ರಸ್ತೆಯ ಇಲ್ಲಿನ ಭಾಗ ಸೇರುವುದು ಆನೇಕಲ್ ವಿಧಾನಸಭಾ ಕ್ಷೇತ್ರಕ್ಕೆ. ಅದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಕಂಪನಿಗಳ ಗಾಜಿನ ಗೋಡೆ ನೋಡುತ್ತ ಹೋಗುವವರಿಗೆ ಇದು ಹೊಳೆಯುವುದೇ ಇಲ್ಲ.

ಈ ರಸ್ತೆ ಬದಲಾಗುತ್ತಿದ್ದ ಕಾಲದಲ್ಲೆಲ್ಲ ಇಲ್ಲಿನ ಶಾಸಕರಾಗಿದ್ದವರು ಎ. ನಾರಾಯಣಸ್ವಾಮಿ. ಮಾದಿಗ ಸಮುದಾಯದಿಂದ ಬಂದವರು, ಬಿಜೆಪಿಯವರು, ಆನೇಕಲ್ಲಿನಿಂದ ನಾಲ್ಕು ಬಾರಿ ಆರಿಸಿ ಬಂದವರು. ಆ ನಾಲ್ಕರಲ್ಲಿ 1999, 2004, 2008ರ ಚುನಾವಣೆಗಳನ್ನು ಒಂದರ ಹಿಂದೊಂದು ಗೆದ್ದರು. ಆ ವರ್ಷಗಳಲ್ಲೇ ಬೊಮ್ಮಸಂದ್ರದಲ್ಲಿ ಆಸ್ಪತ್ರೆ ಎದ್ದಿತು, 2010ರ ಜನವರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ತೆರೆಯಿತು. ಅದೇ ವರ್ಷ ಅವರು ಸಮಾಜ ಕಲ್ಯಾಣ ಸಚಿವರಾದರು. 2012ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ ಒಳಮೀಸಲಾತಿಯ ವರದಿ ಕೊಟ್ಟಾಗ ಆ ಖಾತೆ ಅವರದೇ.

2013ರಲ್ಲಿ ಆನೇಕಲ್ ಕಾಂಗ್ರೆಸ್ಸಿನ ಬಿ. ಶಿವಣ್ಣ ಅವರ ಕೈಗೆ ಹೋಯಿತು. 2018ರಲ್ಲಿ ಇಬ್ಬರೂ ಮತ್ತೆ ಎದುರಾದರು. ನಾರಾಯಣಸ್ವಾಮಿ 8,627 ಮತಗಳಿಂದ ಸೋತರು. ಎರಡು ಸಲ ಸೋತ ಶಾಸಕನಿಗೆ ಪಕ್ಕದ ಕ್ಷೇತ್ರ ಹುಡುಕಿಕೊಳ್ಳುವ ದಾರಿ ಇರುತ್ತದೆ. ದಲಿತ ರಾಜಕಾರಣಿಗೆ ಆ ದಾರಿ ಕಿರಿದು. ಸಾಮಾನ್ಯ ಕ್ಷೇತ್ರದ ಟಿಕೆಟ್ಟನ್ನು ಅವರಿಗೆ ಕೊಡುವ ಧೈರ್ಯ ಯಾವ ದೊಡ್ಡ ಪಕ್ಷಕ್ಕೂ ಸುಲಭಕ್ಕೆ ಬರುವುದಿಲ್ಲ. ಒಂದು ಮೀಸಲು ಕ್ಷೇತ್ರದಿಂದ ಇನ್ನೊಂದು ಮೀಸಲು ಕ್ಷೇತ್ರಕ್ಕೆ, ಅದೆಷ್ಟೇ ದೂರವಿರಲಿ, ಹೋಗಬೇಕು. 2019ರಲ್ಲಿ ನಾರಾಯಣಸ್ವಾಮಿ ಚಿತ್ರದುರ್ಗಕ್ಕೆ ಹೋದರು. ಹೊರಗಿನವರು ಎಂಬ ಮಾತಿನ ನಡುವೆಯೇ ಕಾಂಗ್ರೆಸ್ಸಿನ ಬಿ.ಎನ್. ಚಂದ್ರಪ್ಪ ಅವರನ್ನು ಸೋಲಿಸಿ ಲೋಕಸಭೆಗೆ ಹೋದರು.

ತುಮಕೂರು ಜಿಲ್ಲೆಯ ಪಾವಗಡ ಕೂಡ ಚಿತ್ರದುರ್ಗ ಲೋಕಸಭಾ ಕ್ಷೇತ್ರದ ಭಾಗ. ಬರ ಹಾಸಿ ಮಲಗಿದ ಆ ಸೀಮೆಯಿಂದ, ಚಳ್ಳಕೆರೆ ಹಿರಿಯೂರುಗಳಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಎಷ್ಟೋ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೆಬ್ಬಗೋಡಿಯ ಸಾಲುಮನೆಗಳಲ್ಲಿ ಇರುವವರಲ್ಲಿ ಹಲವರು ಇಂಥವರೇ. ಅವರು ದುಡಿಯುವುದು ಇಲ್ಲಿ, ಬಹಳ ಮಂದಿಯ ಓಟು ಇರುವುದು ಊರಿನಲ್ಲಿ. ಚುನಾವಣೆ ಬಂದರೆ ರಜೆ ಕೇಳಿ, ಸಂಬಳ ಕಡಿಸಿಕೊಂಡು ಊರಿಗೆ ಹೋಗಿ ಬರುತ್ತಾರೆ. ಆ ಊರಿನವರು ಅನ್ನ ಹುಡುಕಿಕೊಂಡು ಈ ರಸ್ತೆಗೆ ಬಂದಿದ್ದರು. ಈ ರಸ್ತೆಯ ಮಾಜಿ ಶಾಸಕರು ಓಟು ಕೇಳಿಕೊಂಡು ಆ ಊರಿಗೆ ಹೋದರು.

2019ರ ಸೆಪ್ಟೆಂಬರ್‌ನಲ್ಲಿ ಸಂಸದ ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದರು. ಜೊತೆಯಲ್ಲಿ ವೈದ್ಯರಿದ್ದರು. ಹಟ್ಟಿಯ ಜನರಿಗೆ ಬೇಕಾದ ಸೌಕರ್ಯಗಳ ಮಾತಾಡುವುದಿತ್ತು. ಹಟ್ಟಿಯ ಬಾಯಲ್ಲೇ ಕೆಲವರು ಅಡ್ಡ ನಿಂತರು. ನಿಮ್ಮ ಜಾತಿಯವರನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ ಎಂದರು. ಆ ಊರೂ ಸೇರಿದ ಕ್ಷೇತ್ರವನ್ನು ದೆಹಲಿಯಲ್ಲಿ ಪ್ರತಿನಿಧಿಸುವವರು ಹಟ್ಟಿಯ ಒಳಗೆ ಕಾಲಿಡದೆ ಹಿಂದಿರುಗಿದರು. ಎರಡು ವರ್ಷ ಕಳೆಯುವ ಮೊದಲೇ, 2021ರ ಜುಲೈ 7ರಂದು, ಅವರು ಕೇಂದ್ರದಲ್ಲಿ ರಾಜ್ಯ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿದರು. ಸಿಕ್ಕಿದ್ದು ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಖಾತೆ.

ನಾಲ್ಕು ಬಾರಿ ಶಾಸಕ, ಮಂತ್ರಿ, ಸಂಸದ. ಸಂವಿಧಾನ ತೆರೆಸಿಕೊಟ್ಟ ಬಾಗಿಲುಗಳೆಲ್ಲ ಅವರಿಗೆ ತೆರೆದವು, ಮತದಾರರು ಕೈಹಿಡಿದು ಒಳಗೆ ಕಳಿಸಿದರು. ಮತದಾರರದೇ ಮನೆಯ ಬಾಗಿಲು ಮಾತ್ರ ಮುಚ್ಚಿತ್ತು. ಮೀಸಲಾತಿ ಸಾಕಲ್ಲವೇ, ಇನ್ನೆಷ್ಟು ದಿನ ಎಂದು ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನುಗಳಲ್ಲಿ ಕೇಳುವವರು ಈ ಒಂದು ಘಟನೆಯನ್ನು ಎದುರಿಗಿಟ್ಟುಕೊಂಡು ಕೇಳಬೇಕು. ಸಂಸದರಿಗೇ ಹೀಗಾದರೆ, ಅದೇ ಸೀಮೆಯ ಕೂಲಿಕಾರರಿಗೆ, ಶಾಲೆಗೆ ಹೋಗುವ ಮಗುವಿಗೆ ದಿನವೂ ಏನಾಗುತ್ತಿರಬೇಕು?

ಇತ್ತ ಹೆಬ್ಬಗೋಡಿಯ ಹೊಲಿಗೆ ಹಾಲಿನಲ್ಲಿ ಯಂತ್ರಗಳು ಸಾಲಾಗಿ ಓಡುತ್ತವೆ. ಹಟ್ಟಿಯಿಂದ ಬಂದವಳು ಕಾಲರು ಹೊಲಿದು ದಾಟಿಸಿದ್ದನ್ನು ಕೇರಿಯಿಂದ ಬಂದವಳು ಎತ್ತಿಕೊಂಡು ತೋಳು ಕೂಡಿಸುತ್ತಾಳೆ. ಗಂಟೆಗಿಷ್ಟು ಪೀಸು ಎಂಬ ಲೆಕ್ಕ ಇಬ್ಬರ ಬೆನ್ನನ್ನೂ ಒಂದೇ ಸಮ ಬಗ್ಗಿಸುತ್ತದೆ. ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಹಾಕಿದ ಕಡಿವಾಣದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಇದೇ ಹೆಂಗಸರು, ಯಾವ ನಾಯಕನಿಗೂ ಕಾಯದೆ, ಹೊಸೂರು ರಸ್ತೆಗಿಳಿದರು. ಏಪ್ರಿಲ್ 19ರಂದು ಹೆಬ್ಬಗೋಡಿ ಪೊಲೀಸ್ ಠಾಣೆಯ ಆವರಣದಲ್ಲಿ ವಾಹನಗಳು ಸುಟ್ಟುಹೋದವು. ಬೆಂಕಿ ಹಚ್ಚಿದ್ದನ್ನು ಯಾರೂ ಒಪ್ಪಲಾರರು. ಅದೇ ದಿನ ದೆಹಲಿ ನಿಯಮವನ್ನು ಹಿಂತೆಗೆದುಕೊಂಡಿತು ಎಂಬುದೂ ಮರೆಯಬಾರದ ಸಂಗತಿ. ರಸ್ತೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತ ಆ ದಿನ ಪಕ್ಕದವಳ ಜಾತಿ ಕೇಳುವ ಪುರುಸೊತ್ತು ಯಾರಿಗಿತ್ತು?

ಕೆಲಸದ ಜಾಗದ ಈ ಒಗ್ಗಟ್ಟು ಬಾಡಿಗೆ ಮನೆಯ ಹೊಸ್ತಿಲವರೆಗೂ ಬಂದಿಲ್ಲ. ‘ನೀವು ಯಾವ ಜನ?’ ಎಂದು ಓನರು ಕೇಳುವುದು ನಿಂತಿಲ್ಲ. ಆದರೂ ಇಲ್ಲೊಂದು ರೂಢಿ ಬೆಳೆಯುತ್ತಿದೆ: ಊಟದ ಬಿಡುವಿನಲ್ಲಿ ಡಬ್ಬಿಯ ಪಲ್ಯ ಕೈಯಿಂದ ಕೈಗೆ ಹೋಗುತ್ತದೆ.

2024ರಲ್ಲಿ ಚಿತ್ರದುರ್ಗದ ಟಿಕೆಟ್ ನಾರಾಯಣಸ್ವಾಮಿ ಅವರಿಗೆ ಸಿಗಲಿಲ್ಲ. ಆನೇಕಲ್ಲಿನಲ್ಲಿ ಶಿವಣ್ಣ 2023ರಲ್ಲಿ ಮೂರನೆಯ ಸಲ ಗೆದ್ದಾಗಿದೆ. ಗೆಲ್ಲುವವರು ಬದಲಾಗುತ್ತಾರೆ, ಪಕ್ಷಗಳೂ ಬದಲಾಗುತ್ತವೆ. ಮೀಸಲು ಕ್ಷೇತ್ರದ ಶಾಸಕರು ವಿಧಾನಸೌಧದಲ್ಲಿ ಕೂರುವಂತೆ ನೋಡಿಕೊಳ್ಳಲು ಕಾನೂನಿದೆ. ಅವರು ನಮ್ಮ ಮನೆಯ ಜಗಲಿಯ ಮೇಲೆ ಕೂರುವಂತೆ ನೋಡಿಕೊಳ್ಳಬೇಕಾದವರು ನಾವು. ಹಬ್ಬಕ್ಕೆ ಊರಿಗೆ ಹೋಗುವ ಹೆಬ್ಬಗೋಡಿಯ ಮಕ್ಕಳು ಸಂಬಳದ ಜೊತೆ ಈ ಊಟದ ಬಿಡುವಿನ ರೂಢಿಯನ್ನೂ ಒಯ್ದು, ಹಟ್ಟಿಯ ಹಿರಿಯರ ಎದುರು ನಿಂತು ಮಾತಾಡಬೇಕು. ಆ ಕೆಲಸವನ್ನು ಯಾವ ಶಾಸಕರೂ ಅವರ ಪರವಾಗಿ ಮಾಡಿಕೊಡಲಾರರು.