ಬಲೆಯೊಳಗೊಂದು ಜೌಗು

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮೃಗಾಲಯಕ್ಕಿಂತ ಮೊದಲು ಹುಟ್ಟಿದ್ದು ಹಕ್ಕಿಮನೆ. 1904ರ ವಿಶ್ವ ವಸ್ತುಪ್ರದರ್ಶನಕ್ಕೆಂದು ಸ್ಮಿತ್‌ಸೋನಿಯನ್ ಸಂಸ್ಥೆ ಅದನ್ನು ಕಟ್ಟಿಸಿತು. 228 ಅಡಿ ಉದ್ದ, 84 ಅಡಿ ಅಗಲ, 50 ಅಡಿ ಎತ್ತರದ ಉಕ್ಕಿನ ಕಮಾನುಗಳ ಮೇಲೆ ತಂತಿಬಲೆ. ಜನ ಒಳಗೇ ನಡೆದುಹೋಗಿ ಹಕ್ಕಿ ನೋಡಬಹುದಿತ್ತು. ಪ್ರದರ್ಶನ ಮುಗಿದ ಮೇಲೆ ಬಿಚ್ಚಿ ವಾಷಿಂಗ್ಟನ್‌ಗೆ ಒಯ್ಯುವ ಯೋಚನೆಯಿತ್ತು. ಊರಿನವರು ಬಿಟ್ಟುಕೊಡಲಿಲ್ಲ, ನಗರಾಡಳಿತ 3,500 ಡಾಲರ್‌ಗೆ ಕೊಂಡುಕೊಂಡಿತು. ಮೃಗಾಲಯ ಬಂದದ್ದು ಆಮೇಲೆ.

ಇದೇ ಪಂಜರ 2005ರಲ್ಲಿ ಸೈಪ್ರೆಸ್ ಮರಗಳ ಜೌಗುಭೂಮಿಯಾಗಿ ಮರುಹುಟ್ಟು ಪಡೆಯಿತು. ಉಕ್ಕಿನ ಚೌಕಟ್ಟು ಹಳೆಯದೇ. ಒಳಗೆ ಮಿಸಿಸಿಪ್ಪಿ ಸೀಮೆಯ ನೀರು, ಗಿಡಮರ, ನೀರುಹಕ್ಕಿಗಳು. ನನಗೆ ಇಷ್ಟವಾಗುವುದು ಈ ಬದಲಾವಣೆಯೇ. ಹಕ್ಕಿಯನ್ನು ತೋರಿಸಲು ಕಟ್ಟಿದ ಜಾಗ ಹಕ್ಕಿ ಬದುಕುವ ಜಾಗವಾಗಬೇಕಾದರೆ ಲೆಕ್ಕಾಚಾರವೆಲ್ಲ ನೀರಿನ ಅಂಚಿನಿಂದ ಶುರುವಾಗಬೇಕು.

ಅಲ್ಲಿನ ಗುಲಾಬಿ ಚಮಚಕೊಕ್ಕನ್ನೇ ನೋಡಿ. ಕೊಕ್ಕನ್ನು ಅರೆತೆರೆದು ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತದೆ. ಒಳಗೆ ಏನಾದರೂ ತಾಗಿದ್ದೇ ತಡ, ಗಪ್ಪನೆ ಮುಚ್ಚುತ್ತದೆ. ಕಣ್ಣಿಗಿಂತ ಸ್ಪರ್ಶವನ್ನೇ ನಂಬಿದ ಬೇಟೆ ಇದು. ಇದಕ್ಕೆ ಬೇಕಾದದ್ದು ಮೊಣಕಾಲು ಮುಳುಗದಷ್ಟು ನೀರು, ಮೆತ್ತನೆಯ ತಳ. ಗಟ್ಟಿ ಕಾಂಕ್ರೀಟಿನ ಮೇಲೇ ದಿನವಿಡೀ ನಿಂತರೆ ಪಾದ ಹುಣ್ಣಾಗಿ ಸೋಂಕು ಹತ್ತುತ್ತದೆ. ಬಾತುಗಳಿಗಾದರೋ ಆಳ ಬೇಕು. ಹಾಗಾಗಿ ದಡ ಮೆಟ್ಟಿಲಂತೆ ಕಡಿದಾಗಿರದೆ ನಿಧಾನವಾಗಿ ಇಳಿಯಬೇಕು. ಬಕಗಳಿಗೆ ನೀರಿನ ಮೇಲೆ ಚಾಚಿದ ಕೊಂಬೆ, ಗೂಡಿಗೆ ಜನರ ಕೈಗೆಟುಕದ ಎತ್ತರ, ಹೆದರಿದಾಗ ಅವಿತುಕೊಳ್ಳಲು ಜೊಂಡು. ಕಾಲುದಾರಿಯನ್ನು ಉಳಿದ ಜಾಗದಲ್ಲಿ ಎಳೆದರೆ ಸಾಕು.

ನೀರನ್ನು ತಿಳಿಯಾಗಿಡುವುದೇ ದೊಡ್ಡ ತಲೆನೋವು. ಹಿಕ್ಕೆ, ಉಳಿದ ಮೀನು, ಉದುರಿದ ಗರಿ ಎಲ್ಲ ಸೇರಿ ಪಾಚಿಗೆ ಗೊಬ್ಬರವಾಗುತ್ತವೆ. ಪಂಪು, ಶೋಧಕ ನಿಲ್ಲುವಂತಿಲ್ಲ. ಇಲಿ, ಹಾವು ನುಸುಳದಂತೆ ಬಲೆಯ ಕಣ್ಣು ಚಿಕ್ಕದಿರಬೇಕು, ಬುಡ ಮಣ್ಣಿನೊಳಕ್ಕೆ ಹೂತಿರಬೇಕು.

ನಮ್ಮ ಮೈಸೂರಿನಲ್ಲೂ ಮೃಗಾಲಯದ ಉಸ್ತುವಾರಿಯಲ್ಲಿರುವ ಕಾರಂಜಿ ಕೆರೆಯ ಉದ್ಯಾನದಲ್ಲಿ ಇಂಥದೊಂದು ಹಕ್ಕಿಮನೆಯಿದೆ. ಒಳಗೆ ಪುಟ್ಟ ಕೊಳ, ತೊರೆ; ಹೊರಗೆ ನಿಜವಾದ ಕೆರೆ, ಅಲ್ಲಿ ಸ್ವತಂತ್ರವಾಗಿ ಹಾರುವ ನೀರುಹಕ್ಕಿಗಳು. ಎರಡನ್ನೂ ಒಂದೇ ದಿನ ನೋಡುವ ಭಾಗ್ಯ ನಮ್ಮದು.

ಇಂಥ ಯಾವ ಹಕ್ಕಿಮನೆಗೆ ಹೋದರೂ ಕಡಲೆಪುರಿ, ಬಿಸ್ಕತ್ತು ಹಾಕಬೇಡಿ. ಜೋಡಿಬಾಗಿಲಿದ್ದರೆ ಹಿಂದಿನದು ಪೂರ್ತಿ ಮುಚ್ಚಿದ ಮೇಲಷ್ಟೇ ಮುಂದಿನದನ್ನು ತೆರೆಯಿರಿ. ಮಕ್ಕಳನ್ನು ನೀರಿನಂಚಿನ ಬಳಿ ಹತ್ತು ನಿಮಿಷ ಸದ್ದಿಲ್ಲದೆ ನಿಲ್ಲಿಸಿ, ಹಕ್ಕಿಗಳು ತಾವಾಗಿಯೇ ಹತ್ತಿರ ಬರುತ್ತವೆ.